ಕಡಲಾಚೆ ಇಂಗ್ಲಿಷ್ ಪಾಠ ಹೇಳುವ ಕೆಲಸ: ಹಳ್ಳಿಯ ಪದವೀಧರರಿಗೆ ದಾರಿ ಯಾವುದು?

ಬದನವಾಳು (ನಂಜನಗೂಡು ತಾಲ್ಲೂಕು): ನಂಜನಗೂಡಿನಿಂದ ಚಾಮರಾಜನಗರದ ಕಡೆಗಿರುವ ಈ ಊರು ನಾಡಿನ ಜನರಿಗೆ ಮುಖ್ಯವಾಗಿ ಎರಡು ಕಾರಣಗಳಿಂದ ಪರಿಚಿತ. ಒಂದು, 1927ರಲ್ಲಿ ಗಾಂಧೀಜಿ ಬಂದು ಹೋದ ಇಲ್ಲಿನ ಖಾದಿ ಕೇಂದ್ರ. ಇನ್ನೊಂದು, ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲೇ 1993ರಲ್ಲಿ ನಡೆದ ಮೂವರು ದಲಿತರ ಹತ್ಯೆ. ಕೈಕಸುಬಿನಿಂದ ಸ್ವಂತ ಕಾಲ ಮೇಲೆ ನಿಲ್ಲುವ ಪಾಠವನ್ನು ಮೊದಲನೆಯದು ಹೇಳಿದರೆ, ಹುಟ್ಟನ್ನೇ ಅಳತೆಗೋಲು ಮಾಡಿಕೊಂಡಾಗ ಏನಾಗುತ್ತದೆ ಎಂಬುದನ್ನು ಎರಡನೆಯದು ತೋರಿಸಿತು.

ಇಂತಹ ಊರುಗಳ ಮನೆಗಳಲ್ಲಿ ಇಂದು ಪದವೀಧರರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ನಂಜನಗೂಡಿನಲ್ಲೋ ಮೈಸೂರಿನಲ್ಲೋ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ, ಬಳಿಕ ಬಿ.ಇಡಿ. ಮಾಡಿದ ಯುವಕ ಯುವತಿಯರು ಪ್ರತಿ ವರ್ಷ ಹೊರಬರುತ್ತಾರೆ. ಸರ್ಕಾರಿ ಶಾಲೆಯ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕು. ಖಾಸಗಿ ಶಾಲೆಯ ಸಂಬಳ ಬಸ್ಸು, ಊಟಕ್ಕೇ ಸರಿಹೋಗುತ್ತದೆ. ಅಂತಹ ಹೊತ್ತಿನಲ್ಲಿ ‘ವಿದೇಶದಲ್ಲಿ ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ’ ಎಂಬ ಜಾಹೀರಾತು ಮೊಬೈಲಿಗೆ ಬಂದರೆ ಮನಸ್ಸು ಅತ್ತ ಹರಿಯುವುದು ಸಹಜ. ಈ ಮಾತಿನಲ್ಲಿ ನಿಜವೆಷ್ಟು, ಪೊಳ್ಳೆಷ್ಟು? ಮೊದಲ ಕೆಲಸವನ್ನು ಹುಡುಕುವ ಅಭ್ಯರ್ಥಿ ಎಲ್ಲಿಂದ ಆರಂಭಿಸಬೇಕು?

ಹೊಸದಲ್ಲದ ಹಾದಿ

ಭಾರತದ ಮೇಷ್ಟ್ರುಗಳು ಹೊರದೇಶಗಳಿಗೆ ಪಾಠ ಹೇಳಲು ಹೋಗುವುದು ಇಂದಿನ ವಿದ್ಯಮಾನವೇನಲ್ಲ. ಹೈಲೆ ಸೆಲಾಸಿಯ ಆಳ್ವಿಕೆಯ ಇಥಿಯೋಪಿಯಾದಲ್ಲಿ ಭಾರತೀಯ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದರು. ನೆರೆಯ ಭೂತಾನ್ 1960ರ ದಶಕದಲ್ಲಿ ಆಧುನಿಕ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಕಟ್ಟಿದಾಗ ನೆಚ್ಚಿಕೊಂಡದ್ದು ಭಾರತದ ಅಧ್ಯಾಪಕರನ್ನೇ. ಮಾಲ್ಡೀವ್ಸ್‌ನ ದ್ವೀಪಗಳ ಶಾಲೆಗಳಲ್ಲಿ ದಕ್ಷಿಣ ಭಾರತದ ಶಿಕ್ಷಕರು ದಶಕಗಳಿಂದ ದುಡಿಯುತ್ತಿದ್ದಾರೆ.

ಕನ್ನಡ ಸಾಹಿತ್ಯಲೋಕದಲ್ಲೂ ಈ ಹಾದಿಯ ಹೆಜ್ಜೆಗುರುತುಗಳಿವೆ. ನವ್ಯ ಕವಿ ಬಿ.ಸಿ. ರಾಮಚಂದ್ರ ಶರ್ಮ ಅವರ ವೃತ್ತಿಜೀವನದ ಬಹುಭಾಗ ಇಥಿಯೋಪಿಯಾ, ಇಂಗ್ಲೆಂಡ್, ಜಾಂಬಿಯಾಗಳಲ್ಲಿ ಕಳೆಯಿತು. ಕಾಸರಗೋಡಿನ ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶ್ ಅವರು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ನಿವೃತ್ತಿಯ ಬಳಿಕ ಯೆಮನ್ ದೇಶದಲ್ಲಿ ಪಾಠ ಹೇಳಿದರು. ಗಡಿನಾಡಿನ ಕನ್ನಡದ ಹುಡುಗನೊಬ್ಬ ಅರಬ್ ದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಅಧ್ಯಾಪಕನಾದನೆಂಬುದೇ ಈ ವೃತ್ತಿಯ ಸಾಧ್ಯತೆಯನ್ನು ಹೇಳುತ್ತದೆ. ಆದರೆ ಅಂದು ಹೋದವರಲ್ಲಿ ಬಹುತೇಕರು ಇಲ್ಲಿಯೇ ಪಳಗಿದವರು, ಅನುಭವವನ್ನು ಗಂಟುಕಟ್ಟಿಕೊಂಡು ಹೋದವರು ಎಂಬುದನ್ನು ಮರೆಯಬಾರದು. ಮೊದಲ ಕೆಲಸವನ್ನೇ ಹೊರದೇಶದಲ್ಲಿ ಹುಡುಕುವವರ ಸಮಸ್ಯೆ ಬೇರೆಯದು.

ಇಲ್ಲಿಯೂ ಕೇಳುವುದು ಹುಟ್ಟನ್ನೇ

ಈ ಉದ್ಯೋಗಕ್ಕೆ ಅರ್ಜಿ ಹಾಕುವ ಭಾರತೀಯರಿಗೆ ಮೊದಲು ಎದುರಾಗುವ ಗೋಡೆ ‘ನೇಟಿವ್ ಸ್ಪೀಕರ್’ ಎಂಬ ಷರತ್ತು. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರು ಎಂಬುದು ಇದರ ಅರ್ಥವಾದರೂ, ವ್ಯವಹಾರದಲ್ಲಿ ಅದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಪ್ರಶ್ನೆಯಾಗಿ ನಿಲ್ಲುತ್ತದೆ. ದಕ್ಷಿಣ ಕೊರಿಯಾದ ಇ-2 ಎಂಬ ಭಾಷಾ ಬೋಧಕರ ವೀಸಾ ಇದಕ್ಕೆ ಸ್ಪಷ್ಟ ನಿದರ್ಶನ. ಇಂಗ್ಲಿಷ್ ಬೋಧನೆಗೆ ಅದು ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಚೀನಾದ ನಿಯಮಗಳೂ ಇದೇ ಜಾಡಿನವು. ಯಾವುದೋ ವಿಷಯದಲ್ಲಿ ಪದವಿ ಪಡೆದ, ಪಾಠ ಹೇಳಿ ಗೊತ್ತಿಲ್ಲದ ಇಂಗ್ಲೆಂಡಿನ ಯುವಕನಿಗೆ ತೆರೆಯುವ ಬಾಗಿಲು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಜತೆಗೆ ಬಿ.ಇಡಿ. ಮಾಡಿದ ನಂಜನಗೂಡಿನ ಯುವತಿಗೆ ತೆರೆಯದಿರಬಹುದು.

ಈ ಷರತ್ತಿಗೆ ಶೈಕ್ಷಣಿಕ ಆಧಾರವಿದೆಯೇ? ಭಾಷಾ ಬೋಧನೆಯ ವಿದ್ವಾಂಸರಲ್ಲಿ ಅನೇಕರು ಇಲ್ಲವೆಂದೇ ಹೇಳುತ್ತಾರೆ. ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಗ್ರಂಥದಲ್ಲಿ, ತಾಯ್ನುಡಿಯವರೇ ಉತ್ತಮ ಬೋಧಕರೆಂಬುದು ಒಂದು ಹುಸಿನಂಬಿಕೆ ಎಂದು ವಾದಿಸಿದರು. ಭಾಷೆಯೊಂದನ್ನು ತಾನೇ ಕಷ್ಟಪಟ್ಟು ಕಲಿತವನಿಗೆ ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ಗೊತ್ತಿರುತ್ತದೆ ಎಂಬುದು ಈ ವಾದದ ಒಂದು ಮುಖ್ಯ ಎಳೆ.

ಇದರಲ್ಲೊಂದು ವಿಪರ್ಯಾಸವೂ ಉಂಟು. ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರಿಗೆ ಇಂದು ಹೇಳಿಕೊಡುವ ‘ಚಟುವಟಿಕೆ ಆಧಾರಿತ’ ಬೋಧನಾ ಕ್ರಮದ ಪ್ರಮುಖ ಮೂಲಗಳಲ್ಲೊಂದು ಕರ್ನಾಟಕದಲ್ಲಿಯೇ ಇದೆ. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದೆಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ವ್ಯಾಕರಣವನ್ನು ಬಾಯಿಪಾಠ ಮಾಡಿಸುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳಂತಹವನ್ನು ಮುಂದಿಟ್ಟು, ಮಕ್ಕಳು ಲೆಕ್ಕಾಚಾರ ಮಾಡುತ್ತ ಮಾಡುತ್ತಲೇ ಭಾಷೆ ಕಲಿಯುವಂತೆ ಮಾಡುವುದು ಅದರ ತಿರುಳು. 1987ರಲ್ಲಿ ಪ್ರಭು ಅವರ ಗ್ರಂಥ ಪ್ರಕಟವಾಯಿತು. ಅವರು ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕ್ರಮ ಇಲ್ಲಿಯದು, ಅದನ್ನು ಕಲಿಸುವ ಕೆಲಸಕ್ಕೆ ಮಾತ್ರ ಇಲ್ಲಿಯವರ ಪಾಸ್‌ಪೋರ್ಟ್ ಸಾಲದು! ಅನ್ಯಾಯವೆಂಬುದು ನಿಜ. ಆದರೆ ನಿಯಮ ಬದಲಾಗುವವರೆಗೆ ಅಭ್ಯರ್ಥಿ ಅದನ್ನು ತಿಳಿದುಕೊಂಡೇ ಹೆಜ್ಜೆ ಇಡಬೇಕು. ತನಗೆ ಮುಚ್ಚಿದ ಬಾಗಿಲನ್ನು ತೆರೆಸಿಕೊಡುವೆನೆಂದು ಹಣ ಕೇಳುವವರು ಹುಟ್ಟಿಕೊಳ್ಳುವುದು ಇಲ್ಲಿಯೇ.

ತೆರೆದ ಬಾಗಿಲುಗಳು

ಹಾಗಾದರೆ ಎಲ್ಲಿ ಅವಕಾಶವಿದೆ? ಮೊದಲ ಸ್ಥಾನ ಕೊಲ್ಲಿ ರಾಷ್ಟ್ರಗಳ ಭಾರತೀಯ ಶಾಲೆಗಳಿಗೆ. ಸಿಬಿಎಸ್‌ಇ ಮಾನ್ಯತೆ ಪಡೆದ ಇನ್ನೂರಕ್ಕೂ ಹೆಚ್ಚು ಶಾಲೆಗಳು ಹೊರದೇಶಗಳಲ್ಲಿವೆ. ಅವುಗಳಲ್ಲಿ ಬಹುಪಾಲು ಯುಎಇ, ಸೌದಿ ಅರೇಬಿಯಾ, ಒಮಾನ್, ಕುವೈತ್, ಕತಾರ್, ಬಹರೇನ್‌ಗಳಲ್ಲಿವೆ. ಇಲ್ಲಿ ತಾಯ್ನುಡಿಯ ಪ್ರಶ್ನೆ ಬರುವುದಿಲ್ಲ. ಇಂಗ್ಲಿಷ್ ವಿಷಯದಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ, ಜತೆಗೆ ಬಿ.ಇಡಿ. ಮುಖ್ಯ. ಆದರೆ ಹೆಚ್ಚಿನ ಶಾಲೆಗಳು ಎರಡು ವರ್ಷದ ಅನುಭವ ಕೇಳುತ್ತವೆ. ಯುಎಇಯಲ್ಲಿ ಇದರ ಮೇಲೆ ಶಿಕ್ಷಕರ ಪರವಾನಗಿಯ ವ್ಯವಸ್ಥೆಯೂ ಇದೆ.

ಎರಡನೆಯದು ಮಾಲ್ಡೀವ್ಸ್. ಶಾಲಾ ಶಿಕ್ಷಣ ಬಹುಪಾಲು ಇಂಗ್ಲಿಷ್ ಮಾಧ್ಯಮದಲ್ಲಿರುವುದರಿಂದ ಅಲ್ಲಿ ಪರದೇಶದ ಶಿಕ್ಷಕರ ಅಗತ್ಯ ಬಹುಕಾಲದಿಂದ ಇದೆ. ಕೆಲಸ ರಾಜಧಾನಿ ಮಾಲೆಯಲ್ಲಿಯೇ ಸಿಗುತ್ತದೆಂದು ಎಣಿಸಬಾರದು. ಕೆಲವೇ ನೂರು ಜನರಿರುವ ದೂರದ ದ್ವೀಪವೊಂದಕ್ಕೆ ಹೋಗಬೇಕಾಗಬಹುದು. ನಾಲ್ಕು ದಿಕ್ಕಿಗೂ ನೀರು, ದೋಣಿ ಬಂದರೆ ತರಕಾರಿ. ಏಕಾಂತ ಒಗ್ಗದವರಿಗೆ ಇದು ಸುಲಭವಲ್ಲ. ಒಗ್ಗಿದವರಿಗೆ ಉಳಿತಾಯವೂ ಅನುಭವವೂ ಒಟ್ಟಿಗೆ ದಕ್ಕುತ್ತವೆ.

ಮೂರನೆಯದು ಆಗ್ನೇಯ ಏಷ್ಯಾ. ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ ಭಾರತೀಯರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಪದವಿಯ ಜತೆಗೆ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆಯ ಫಲಿತಾಂಶವನ್ನು ತಾಯ್ನುಡಿಯವರಲ್ಲದವರು ತೋರಿಸಬೇಕಾಗುತ್ತದೆ. ವಿಯೆಟ್ನಾಂನ ಭಾಷಾ ಕೇಂದ್ರಗಳು ಬೋಧನಾ ಪ್ರಮಾಣಪತ್ರವನ್ನೂ ಕೇಳುತ್ತವೆ. ಸಂಬಳದಲ್ಲಿ ಪಾಶ್ಚಾತ್ಯರಿಗೊಂದು, ಏಷ್ಯಾದವರಿಗೊಂದು ಎಂಬ ತಾರತಮ್ಯ ಇರುವುದುಂಟು.

ದಕ್ಷಿಣ ಕೊರಿಯಾದ ಗೋಡೆಯಲ್ಲೂ ಒಂದು ಸಣ್ಣ ಕಿಂಡಿ ಇದೆ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಸಹಭಾಗಿತ್ವ ಒಪ್ಪಂದದ ಅನ್ವಯ, ಪದವಿಯೊಂದಿಗೆ ಇಂಗ್ಲಿಷ್ ಬೋಧನೆಯ ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿ ಸಹಾಯಕ ಶಿಕ್ಷಕರಾಗಲು ಅವಕಾಶವಿದೆ. ನಮ್ಮ ಬಿ.ಇಡಿ. ಇಲ್ಲಿ ಬೆಲೆ ಪಡೆಯುತ್ತದೆ. ಅಮೆರಿಕದ ಫುಲ್‌ಬ್ರೈಟ್ ಯೋಜನೆಯಲ್ಲಿ ಇನ್ನೊಂದು ಬಗೆಯ ಅವಕಾಶವಿದೆ: ಇಲ್ಲಿನ ಯುವ ಇಂಗ್ಲಿಷ್ ಅಧ್ಯಾಪಕರು ಒಂದು ಶೈಕ್ಷಣಿಕ ವರ್ಷ ಅಲ್ಲಿನ ಕಾಲೇಜಿನಲ್ಲಿ ಭಾರತೀಯ ಭಾಷೆಯೊಂದನ್ನು ಕಲಿಸುತ್ತ, ತಾವೂ ಕಲಿಯಬಹುದು. ಯಾವ ಭಾಷೆಗಳಿಗೆ ಅವಕಾಶವೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಮನೆಯಲ್ಲಿ ಕುಳಿತೇ ಅಂತರ್ಜಾಲದ ಮೂಲಕ ಚೀನಾದ ಮಕ್ಕಳಿಗೆ ಪಾಠ ಹೇಳಿ ಗಳಿಸಬಹುದೆಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. 2021ರ ಜುಲೈಯಲ್ಲಿ ಚೀನಾ ಸರ್ಕಾರ ಖಾಸಗಿ ಮನೆಪಾಠದ ಉದ್ಯಮಕ್ಕೆ ಕಡಿವಾಣ ಹಾಕಿದ ಮೇಲೆ ಆ ಮಾರುಕಟ್ಟೆ ಕುಸಿದಿದೆ. ಅದನ್ನು ನೆಚ್ಚಿಕೊಳ್ಳುವುದು ತರವಲ್ಲ.

ಪ್ರಮಾಣಪತ್ರಗಳ ಸಂತೆ

‘120 ಗಂಟೆಗಳ ಟೆಫಲ್, ಕೇವಲ ಕೆಲವು ಸಾವಿರ ರೂಪಾಯಿ’ ಎಂಬ ಜಾಹೀರಾತುಗಳಿಗೆ ಕೊನೆಯಿಲ್ಲ. ಟೆಫಲ್ ಎಂಬುದು ಒಂದು ಸಂಸ್ಥೆಯ ಹೆಸರಲ್ಲ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿಗೆ ಇರುವ ಸಾಮಾನ್ಯ ಹೆಸರು. ಯಾರು ಬೇಕಾದರೂ ಅದನ್ನು ಮಾರಬಹುದು, ಮಾರುತ್ತಲೂ ಇದ್ದಾರೆ. ಎಲ್ಲೆಡೆ ಬೆಲೆಯುಳ್ಳದ್ದು ಕೇಂಬ್ರಿಜ್‌ನ ‘ಸೆಲ್ಟಾ’ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಅದೇ ಮಟ್ಟದ ಪ್ರಮಾಣಪತ್ರ. ಇವುಗಳಲ್ಲಿ ಅಭ್ಯರ್ಥಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆಗಳ ಕಾಲ ಪಾಠ ಮಾಡಬೇಕು. ತರಬೇತುದಾರರು ಕುಳಿತು ನೋಡಿ ಅಳೆಯುತ್ತಾರೆ. ವ್ಯತ್ಯಾಸವಿರುವುದು ಇಲ್ಲಿಯೇ. ಆದರೆ ಸೆಲ್ಟಾದ ಶುಲ್ಕ ಒಂದು ಲಕ್ಷ ರೂಪಾಯಿಗೂ ಮಿಗಿಲು. ಐಇಎಲ್‌ಟಿಎಸ್ ಪರೀಕ್ಷೆಯೊಂದಕ್ಕೇ ಹದಿನೈದು ಸಾವಿರಕ್ಕೂ ಹೆಚ್ಚು ತೆರಬೇಕು.

ಆದ್ದರಿಂದ ಕ್ರಮ ತಿರುವುಮುರುವಾಗಬಾರದು. ಮೊದಲು ಯಾವ ದೇಶ, ಯಾವ ಬಗೆಯ ಶಾಲೆ ಎಂಬುದನ್ನು ತೀರ್ಮಾನಿಸಬೇಕು. ಅದು ಕೇಳುವ ಪ್ರಮಾಣಪತ್ರಕ್ಕೆ ಮಾತ್ರ ಹಣ ಹಾಕಬೇಕು. ಕೊಲ್ಲಿಯ ಭಾರತೀಯ ಶಾಲೆಗೆ ಹೋಗುವವರಿಗೆ ಬಿ.ಇಡಿ. ಸಾಕು, ಸೆಲ್ಟಾ ಅನಗತ್ಯ. ವಿಯೆಟ್ನಾಂಗೆ ಹೋಗುವವರಿಗೆ ಬೋಧನಾ ಪ್ರಮಾಣಪತ್ರ ಅಗತ್ಯ. ಎಲ್ಲವನ್ನೂ ಕೊಂಡಿಟ್ಟುಕೊಂಡು ಕೆಲಸಕ್ಕಾಗಿ ಕಾಯುವುದು ಮದುವೆ ಗೊತ್ತಾಗುವ ಮುನ್ನ ಚಪ್ಪರ ಹಾಕಿಸಿದಂತೆ.

ಕಾಗದಪತ್ರದ ಕಾಲಹರಣ

ಕೆಲಸ ಸಿಕ್ಕಿದವರನ್ನೂ ತಿಂಗಳುಗಟ್ಟಲೆ ಕಾಯಿಸುವುದು ದಾಖಲೆಗಳು. ಪಾಸ್‌ಪೋರ್ಟಿನ ಮಟ್ಟಿಗೆ ಮೈಸೂರು ಸೀಮೆಯವರು ಅದೃಷ್ಟವಂತರು. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವೆ ನೀಡುವ ವ್ಯವಸ್ಥೆ ದೇಶದಲ್ಲಿ ಮೊದಲು ಆರಂಭವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅದಕ್ಕೆ ಮುನ್ನ ಹಳ್ಳಿಯವರು ಬೆಂಗಳೂರಿಗೆ ಅಲೆಯಬೇಕಿತ್ತು.

ತೊಡಕಿರುವುದು ಹೆಸರಿನಲ್ಲಿ. ನಮ್ಮಲ್ಲಿ ಉಪನಾಮದ ಬದಲಿಗೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಬರೆಯುವ ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದಕ್ಷರ, ಪದವಿ ಪತ್ರದಲ್ಲಿ ಎರಡಕ್ಷರ, ಆಧಾರ್‌ನಲ್ಲಿ ಅಕ್ಷರವೇ ಇಲ್ಲ ಎಂಬಂತಾಗಿರುತ್ತದೆ. ಹೊರದೇಶದ ಅಧಿಕಾರಿಗೆ ಇವರು ಮೂರು ಬೇರೆ ಬೇರೆ ವ್ಯಕ್ತಿಗಳು. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ ಸಾರಿದಾಗ ದಕ್ಷಿಣ ಭಾರತದ ಅನೇಕರು ಪೇಚಿಗೆ ಸಿಲುಕಿದರು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗಲೇ ಹೆಸರನ್ನು ಪೂರ್ಣವಾಗಿ, ಎಲ್ಲ ದಾಖಲೆಗಳಿಗೂ ಹೊಂದುವಂತೆ ಬರೆಯುವುದು ಜಾಣತನ.

ಬಳಿಕ ಪದವಿ ಪತ್ರದ ದೃಢೀಕರಣ. ತಾತ್ಕಾಲಿಕ ಪ್ರಮಾಣಪತ್ರ ನಡೆಯುವುದು ಕಷ್ಟ. ಘಟಿಕೋತ್ಸವದ ಮೂಲ ಪತ್ರವನ್ನು ವಿಶ್ವವಿದ್ಯಾಲಯದಿಂದ ಪಡೆದಿಟ್ಟುಕೊಳ್ಳಬೇಕು. ಅದನ್ನು ರಾಜ್ಯ ಸರ್ಕಾರ ದೃಢೀಕರಿಸಿದ ಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ ‘ಅಪೋಸ್ಟಿಲ್’ ಎಂಬ ಮುದ್ರೆ ಒತ್ತುತ್ತದೆ. ಭಾರತ 2005ರ ಜುಲೈಯಿಂದ ಈ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ದಕ್ಷಿಣ ಕೊರಿಯಾ, ಒಮಾನ್‌ನಂತಹ ದೇಶಗಳಿಗೆ ಅಷ್ಟು ಸಾಕು. ಯುಎಇ, ಕುವೈತ್, ಕತಾರ್‌ಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದರೊಂದಿಗೆ ಪೊಲೀಸ್ ನಡತೆ ಪ್ರಮಾಣಪತ್ರವನ್ನೂ ಪಡೆಯಬೇಕು. ಮೂಲ ದಾಖಲೆಗಳನ್ನು ಅಪರಿಚಿತ ದಲ್ಲಾಳಿಯ ಕೈಗೆ ಕೊಡುವುದು ಸರ್ವಥಾ ಸಲ್ಲದು.

ಯಾರೂ ತಡೆಯದ ಪ್ರಯಾಣ

ಇಲ್ಲಿ ಬಹುತೇಕರಿಗೆ ತಿಳಿಯದ ಸೂಕ್ಷ್ಮವೊಂದಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೇ ತರಗತಿಯನ್ನೂ ಮುಗಿಸದ ಕಾರ್ಮಿಕರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು. ಆ ಹಂತದಲ್ಲಿ ಅವರ ಉದ್ಯೋಗ ಒಪ್ಪಂದವನ್ನು ಅಧಿಕಾರಿಗಳು ಪರಿಶೀಲಿಸುತ್ತಾರೆ. ಓದಿದವರಿಗೆ ಈ ಅನುಮತಿ ಬೇಕಿಲ್ಲ. ಇದು ಸ್ವಾತಂತ್ರ್ಯ ಹೌದು. ಆದರೆ ಪದವೀಧರನ ಒಪ್ಪಂದವನ್ನು ಅವನಲ್ಲದೆ ಬೇರೆ ಯಾರೂ ಓದಿ ನೋಡುವುದಿಲ್ಲ ಎಂಬುದೂ ಅಷ್ಟೇ ನಿಜ. ಗಾರೆ ಕೆಲಸಕ್ಕೆ ಹೋಗುವವನಿಗಿರುವ ತಡೆಗೋಡೆ ಪಾಠ ಹೇಳಲು ಹೋಗುವವನಿಗೆ ಇಲ್ಲ.

ಇದರ ದುಷ್ಪರಿಣಾಮ ಇತ್ತೀಚಿನ ವರ್ಷಗಳಲ್ಲಿ ಕಂಡಿದೆ. ಥಾಯ್ಲೆಂಡಿನಲ್ಲಿ ಕಚೇರಿ ಕೆಲಸವೆಂದು ನಂಬಿ ಹೋದ ವಿದ್ಯಾವಂತ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಬಯಲಾದಾಗ, ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್ 24ರಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಆ ಜಾಲ ಬೀಸಿದ್ದು ಮಾಹಿತಿ ತಂತ್ರಜ್ಞಾನ ಬಲ್ಲವರಿಗೆ. ಆದರೆ ‘ಇಂಗ್ಲಿಷ್ ಬಲ್ಲವರು ಬೇಕು, ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ’ ಎಂಬ ಮಾತನ್ನು ಶಿಕ್ಷಕ ಹುದ್ದೆಯ ಹೆಸರಿನಲ್ಲಿಯೂ ಹೇಳಬಹುದು. ಹೀಗೆ ಹೇಳುವ ಯಾರನ್ನೂ ನಂಬಬಾರದು. ಶಾಲೆ ನಿಜವಾದುದಾದರೆ ಉದ್ಯೋಗ ವೀಸಾದ ವ್ಯವಸ್ಥೆಯನ್ನು ಮಾಡಿಯೇ ಕರೆಸಿಕೊಳ್ಳುತ್ತದೆ.

ಏಜೆಂಟರ ಮೂಲಕವೇ ಹೋಗಬೇಕೆಂದಿಲ್ಲ. ಶಾಲೆಗಳ ತಾಣದಲ್ಲಿ ನೇರವಾಗಿ ಅರ್ಜಿ ಹಾಕಬಹುದು. ಏಜೆಂಟರನ್ನು ಆಶ್ರಯಿಸಿದರೆ ಅವರು ಸರ್ಕಾರದಲ್ಲಿ ನೋಂದಾಯಿತರೇ ಎಂಬುದನ್ನು ‘ಇ-ಮೈಗ್ರೇಟ್’ ತಾಣದಲ್ಲಿ ಪರಿಶೀಲಿಸಬೇಕು. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕೇಳುವವರು, ರಸೀದಿ ಕೊಡದವರು, ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವವರು ಕಾಯ್ದೆಯ ಹೊರಗಿನವರೆಂದು ತಿಳಿಯಬೇಕು. ಸಂದೇಹವಿದ್ದಲ್ಲಿ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ದೂರವಾಣಿ 1800 11 3090ಕ್ಕೆ ಕೇಳಬಹುದು. ಕೇರಳ ಸರ್ಕಾರ 1977ರಲ್ಲಿಯೇ ವಿದೇಶಿ ಉದ್ಯೋಗಕ್ಕೆಂದು ತನ್ನದೇ ಸಂಸ್ಥೆ ಕಟ್ಟಿತು. ನಮ್ಮ ಹಳ್ಳಿಗಳ ಪದವೀಧರರಿಗೆ ಅಂತಹ ನೆರವಿನ ಅರಿವೇ ಕಡಿಮೆ.

ಒಪ್ಪಂದದಲ್ಲಿ ನೋಡಬೇಕಾದುದು ಒಟ್ಟು ಸಂಬಳವನ್ನಷ್ಟೇ ಅಲ್ಲ. ಮೂಲ ವೇತನವೆಷ್ಟು, ವಸತಿ ಯಾರದು, ವಾರಕ್ಕೆ ಎಷ್ಟು ತರಗತಿ, ಬೇಸಿಗೆ ರಜೆಗೆ ಸಂಬಳವಿದೆಯೇ, ವಿಮಾನದ ಟಿಕೆಟ್ ಯಾರ ಲೆಕ್ಕ, ಚಿಕಿತ್ಸೆಯ ವಿಮೆ ಇದೆಯೇ, ಕೆಲಸ ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ನಡುವೆ ಬಿಟ್ಟರೆ ದಂಡವೆಷ್ಟು ಎಂಬುದೆಲ್ಲ ಬರಹದಲ್ಲಿರಬೇಕು. ಪಾಸ್‌ಪೋರ್ಟನ್ನು ಉದ್ಯೋಗದಾತರ ಬಳಿ ಒತ್ತೆಯಿಡುವ ಷರತ್ತಿಗೆ ಒಪ್ಪಬಾರದು.

ಮೊದಲ ತರಗತಿ ಹತ್ತಿರದಲ್ಲಿಯೇ

ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಸುಳಿಯಿಂದ ಹೊರಬರುವುದು ಹೇಗೆ? ಮೈಸೂರಿಗೆ ಹತ್ತಿರವಿರುವವರಿಗೆ ಇದರ ಉತ್ತರ ದೂರದಲ್ಲಿಲ್ಲ. 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಎರಡೂ ಮಾನಸಗಂಗೋತ್ರಿಯ ಆಸುಪಾಸಿನಲ್ಲಿವೆ. ಒಂದರಲ್ಲಿ ಶಿಕ್ಷಕರು ತಯಾರಾಗುತ್ತಾರೆ. ಇನ್ನೊಂದರಲ್ಲಿ ಒಂದು ಭಾಷೆಯವರಿಗೆ ಮತ್ತೊಂದು ಭಾಷೆಯನ್ನು ಕಲಿಸುವ ವಿದ್ಯೆಯೇ ಅಧ್ಯಯನದ ವಸ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಅವರಲ್ಲಿ ಇಂಗ್ಲಿಷಿನಲ್ಲಿ ತಡವರಿಸುವವರೂ ಉಂಟು. ಯೋಗ ಕಲಿಯಲು ಬರುವ ವಿದೇಶಿಯರಿದ್ದಾರೆ. ಬೈಲಕುಪ್ಪೆಯಲ್ಲಿ ಟಿಬೆಟನ್ನರ ನೆಲೆ ಇದೆ. ಕನ್ನಡ ಬಾರದವರಿಗೆ ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸುವ ಅಭ್ಯಾಸ ಇಂತಹವರೊಂದಿಗೆ ಸಾಧ್ಯ. ಹೊರದೇಶದ ಸಂದರ್ಶನದಲ್ಲಿ ಕೇಳುವುದೂ ಇದನ್ನೇ: ಹತ್ತು ನಿಮಿಷ ಪಾಠ ಮಾಡಿ ತೋರಿಸಿ ಎನ್ನುತ್ತಾರೆ. ಅಲ್ಲಿ ಉಚ್ಚಾರಣೆಯ ಠೀವಿಗಿಂತ ಮಾತಿನ ಸ್ಪಷ್ಟತೆ, ಮಕ್ಕಳನ್ನು ಮಾತನಾಡಿಸುವ ಕಲೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಂಬಳ ಕಡಿಮೆಯಾದರೂ ಸಿಬಿಎಸ್‌ಇ ಶಾಲೆಯೊಂದರಲ್ಲಿ ಎರಡು ವರ್ಷ ದುಡಿದು, ಅನುಭವ ಪತ್ರವನ್ನು ಪಡೆದು ಹೊರಡುವುದು ಸಾಲ ಮಾಡಿ ಇಂದೇ ಹೊರಡುವುದಕ್ಕಿಂತ ಮೇಲು. ಮನೆಯವರ ಪಾಲಿಗೆ ಅದು ತಡವೆನಿಸಬಹುದು. ಆದರೆ ಅರ್ಧ ಎಕರೆ ಗದ್ದೆಯನ್ನೋ ತಾಯಿಯ ಓಲೆಯನ್ನೋ ಅಡವಿಟ್ಟು ಹೋದವರಿಗೆ, ಅಲ್ಲಿನ ಕೆಲಸ ಹೇಳಿದಂತಿಲ್ಲದಿದ್ದರೆ ಹಿಂದಿರುಗುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ. ಸಾಲವಿಲ್ಲದೆ ಹೋದವರು ಮಾತ್ರ ‘ಬೇಡ’ ಎಂದು ಹೇಳಿ ವಿಮಾನ ಹತ್ತಬಲ್ಲರು.

2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆ ಬದನವಾಳಿಗೆ ಬಂದಾಗ, 1993ರ ಬಳಿಕ ಎರಡು ಸಮುದಾಯಗಳ ಕೇರಿಗಳ ನಡುವೆ ಬಳಕೆ ತಪ್ಪಿದ್ದ ರಸ್ತೆಯೊಂದನ್ನು ಸರಿಪಡಿಸಿ ಮತ್ತೆ ತೆರೆಯಲಾಯಿತು. ಊರೊಳಗಿನ ಒಂದು ದಾರಿ ತೆರೆಯುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ಊರಿನಿಂದ ಹೊರಡುವ ದಾರಿಗಳಲ್ಲೂ ಕೆಲವು ಹುಟ್ಟನ್ನು ಕೇಳುತ್ತವೆ, ಕೆಲವು ವಿದ್ಯೆಯನ್ನು ಕೇಳುತ್ತವೆ. ವಿದ್ಯೆಯನ್ನು ಕೇಳುವ ದಾರಿಯನ್ನು ಗುರುತಿಸಿ, ಕಾಗದಪತ್ರ ಸರಿಯಿಟ್ಟುಕೊಂಡು, ಒಪ್ಪಂದವನ್ನು ಎರಡು ಬಾರಿ ಓದಿ ಹೊರಟವರಿಗೆ ಕಡಲಾಚೆಯ ತರಗತಿ ಕೈಗೆಟುಕದ ಕನಸೇನೂ ಅಲ್ಲ.